ಮುಟ್ಟಿದರೆ ಮುಗಿಯಿತು

ಜನವರಿ ೯

ಕಪ್ಪೆ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ಉತ್ತರವಿಲ್ಲ. ಕಾಗದವನ್ನಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿಯುವ ಮೊದಲು ಒಂದು ಸಲ ಓದು, ಮಹರಾಯ್ತಿ.

ಇಲ್ಲಿ ಎಲ್ಲರೂ ಇದ್ದ ಹಾಗೇ ಇದ್ದೇವೆ. ಅಮ್ಮ ನಿನ್ನ ಮೆಡಲ್‌ಗಳನ್ನು ಏನು ಮಾಡಿದ್ದಾಳೆ ಗೊತ್ತಾ? ನಡುಮನೆಯ ಪರದೆ ಗಾಳಿಗೆ ಹಾರುತ್ತದೆ ಅಂತ ಅದರ ಅಂಚಿಗೆ ಒಂದೊಂದಾಗಿ ಕಟ್ಟಿದ್ದಾಳೆ. ಬಟರ್‌ಫ್ಲೈ ಈಜಿನ ಚಿನ್ನ ಈ ಕಡೆ, ರಿಲೇ ಬೆಳ್ಳಿ ಆ ಕಡೆ. ನಾನು ಬೈದರೆ, "ಪೆಟ್ಟಿಗೇಲಿ ಬಿದ್ಕೊಂಡು ಏನ್ ಮಾಡ್ಬೇಕು ಅವು? ಇಲ್ಲಾದ್ರೆ ಒಂದ್ ಕೆಲ್ಸಕ್ಕಾದ್ರೂ ಬರತ್ವೆ" ಅನ್ನುತ್ತಾಳೆ. ನಿನ್ನ ಭಾವ ಪರದೆ ಸರಿಸಿದಾಗಲೆಲ್ಲ ಟಣ್ ಟಣ್ ಅಂತ ಸದ್ದು. ನನ್ನ ಚಿನಕುರುಳಿಗೆ ಎಂಟು ತುಂಬಿತು, ಬಾಯಿ ಮಾತ್ರ ಎಂಬತ್ತರದ್ದು. "ಚಿಕ್ಕಮ್ಮ ಯಾಕೆ ನಮ್ ಮೇಲೆ ಠೂ ಬಿಟ್ಟಿದಾಳೆ?" ಅಂತ ದಿನಾ ಕೇಳುತ್ತಾಳೆ. ಏನು ಹೇಳಲಿ ಅವಳಿಗೆ?

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ನಾನು ನಿನ್ನನ್ನು ಮುಟ್ಟಿದೆ. ಸಮುದ್ರ ದಾಟುವವರನ್ನು ಯಾರೂ ಮುಟ್ಟಬಾರದು, ಬೋಟಿನಲ್ಲಿರುವವರು ಕೋಲಿನ ತುದಿಗೆ ಲೋಟ ಕಟ್ಟಿ ಕುಡಿಯಲು ಕೊಡಬೇಕೇ ಹೊರತು ಕೈ ತಾಗಿಸಬಾರದು, ತಾಗಿದರೆ ಅಲ್ಲಿಗೆ ಮುಗಿಯಿತು ಅನ್ನುವ ನಿಯಮ ನನಗೂ ಗೊತ್ತಿತ್ತು. ಆಚೆ ದಡದ ಮನೆಗಳ ಕಿಟಕಿ ಕಾಣುವಷ್ಟು ಹತ್ತಿರ ಬಂದಿದ್ದೆವು ಅನ್ನುವುದೂ ಗೊತ್ತಿತ್ತು. ಆದರೂ ನಿನ್ನ ತೋಳು ಹಿಡಿದು ಎಳೆದೆ.

ಯಾಕೆ ಅಂತ ಆಸ್ಪತ್ರೆಯಲ್ಲಿ ಹೇಳಲು ಬಂದರೆ ನೀನು ಗೋಡೆಯ ಕಡೆಗೆ ತಿರುಗಿ ಮಲಗಿದೆ. ಈಗ ಕೇಳು. ಚಳಿಗೆ ಈಜುವವರ ಬುದ್ಧಿ ಮಂಕಾಗುತ್ತದೆ, ಅದಕ್ಕೇ ಲೋಟ ಕೊಡುವಾಗಲೆಲ್ಲ ಸುಲಭದ ಪ್ರಶ್ನೆ ಕೇಳುತ್ತಿರಬೇಕು ಅಂತ ನಿಮ್ಮ ಈಜಿನ ಮೇಷ್ಟ್ರು ನನಗೆ ಕಲಿಸಿದ್ದರಲ್ಲ. ಬೆಳಗ್ಗೆಯಿಂದ ನೀನು ಎಲ್ಲಕ್ಕೂ ಸರಿಯಾಗೇ ಉತ್ತರ ಕೊಟ್ಟೆ. ಕೊನೆಯ ಸಲ "ನಾನ್ ಯಾರೇ?" ಅಂತ ಕೇಳಿದೆ. ನೀನು "ಟಿಕೆಟ್ ಕೊಡೋಳು" ಅಂದೆ. "ಎಲ್ಲಿದೀಯ ಈಗ?" ಅಂದರೆ, "ಮಹಡಿ ಮೆಟ್ಟಿಲ ಮೇಲೆ" ಅಂದೆ. ಮುಖದಲ್ಲಿ ನಗು ಇಲ್ಲ, ಏನೂ ಇಲ್ಲ. ಮೇಷ್ಟ್ರು "ತಡಿ, ಇನ್ನೊಂದ್ ಸಲ ಕೇಳು" ಅಂದರು. ನಾನು ತಡೆಯಲಿಲ್ಲ.

ಇಷ್ಟೇ. ಇನ್ನೊಂದು ಸಲ ಹಾಗಾದರೂ ಅದನ್ನೇ ಮಾಡುತ್ತೇನೆ. ಈಗ ಸಿಟ್ಟು ಬಿಡು. ಅಮ್ಮನಿಗಾದರೂ ಫೋನ್ ಮಾಡು.

ಅಕ್ಕ


ಫೆಬ್ರವರಿ ೨

ಅಕ್ಕ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಹರಿಯಲಿಲ್ಲ. ಓದಿ ಓದಿ ಮಡಿಕೆಗಳೇ ಸವೆದು ಹೋಗಿವೆ.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಟಿಕೆಟ್ ಕೊಡೋಳು! ಇದಕ್ಕಾಗಿ ನನ್ನನ್ನು ಎಳೆದು ಹಾಕಿದೆಯಾ? ಅಕ್ಕ, ಅದು ನಮ್ಮ ಆಟ. ಸುಳ್ಳುತ್ತರದ ಆಟ! ಮರೆತೇ ಬಿಟ್ಟೆಯಾ? ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಮುಖ ಸಡಿಲಿಸದೆ ತಲೆಬುಡವಿಲ್ಲದ ಉತ್ತರ ಕೊಡಬೇಕು, ಮೊದಲು ನಕ್ಕವರು ಸೋತ ಹಾಗೆ. ಅಪ್ಪ ಈಜುಕೊಳದ ನೀರಿಗೆ ಕ್ಲೋರಿನ್ ಪುಡಿ ಹಾಕುತ್ತಾ "ನಾನ್ಯಾರ್ರೇ?" ಅಂತ ಕೇಳಿದರೆ ನಾನು "ಸೋಪು ಮಾರೋರು" ಅನ್ನುತ್ತಿದ್ದೆ. ನೀನು ಕಿಸಕ್ಕನೆ ನಕ್ಕು ಸೋಲುತ್ತಿದ್ದೆ. ಒಂದು ಸಲವಾದರೂ ನಾನು ಸೋತದ್ದುಂಟಾ?

ಬೆಳಗಿನಿಂದ ಒಂದೇ ಸಮನೆ ಈಜಿ ಬೇಜಾರಾಗಿತ್ತು. ದಡ ಕಾಣುತ್ತಿತ್ತು. ಖುಷಿಗೆ ಒಂದು ತಮಾಷೆ ಮಾಡಿದೆ. ಮೇಷ್ಟ್ರಿಗೆ ಅರ್ಥವಾಗದಿದ್ದರೆ ಬಿಡು, ದಾಖಲೆ ಬರೆಯಲು ಬಂದಿದ್ದ ಆ ಅಮ್ಮನಿಗೂ ಅರ್ಥವಾಗಬೇಕಾಗಿರಲಿಲ್ಲ. ಈ ಪ್ರಪಂಚದಲ್ಲಿ ಅದು ಅರ್ಥವಾಗಬೇಕಾಗಿದ್ದದ್ದು ನಿನಗೊಬ್ಬಳಿಗೆ.

ನಮ್ಮ ಕಡೆಯ ಹೆಂಗಸರು ಯಾರೂ ದಾಟದ ಸಮುದ್ರ ಅದು. ಹದಿನೇಳಕ್ಕೆ ಕೊಳದಲ್ಲಿ ಚಿನ್ನ ಗೆದ್ದೆ. ಇಪ್ಪತ್ತಾರಕ್ಕೆ "ಇನ್ನು ನಿನ್ನ ಕಾಲ ಮುಗೀತಮ್ಮ" ಅಂತ ತಂಡದಿಂದ ಕಳಿಸಿದರು. ಆಮೇಲಿನ ಐದು ವರ್ಷ ಈ ಒಂದು ದಡಕ್ಕಾಗಿ ತಣ್ಣೀರಲ್ಲಿ ಕೊಳೆತಿದ್ದೇನೆ. ನೀನು ಒಂದು ಕೈಯಲ್ಲಿ ಮುಗಿಸಿದೆ.

ನನ್ನ ಕೋಣೆ ಅದೇ, ಸೈಕಲ್ ರಿಪೇರಿ ಅಂಗಡಿಯ ಮೇಲಿನದು. ಬೆಳಗ್ಗೆ ನಗರಸಭೆಯ ಕೊಳದಲ್ಲಿ ಮಕ್ಕಳಿಗೆ ಕಲಿಸುತ್ತೇನೆ, ಮಧ್ಯಾಹ್ನ ಸಮುದ್ರ. ಅಮ್ಮನಿಗೆ ಫೋನ್ ಮಾಡಿದೆ. ನೀನು ಕನ್ನಡಕದ ಅಂಗಡಿಯಲ್ಲಿರುವ ಹೊತ್ತು ನೋಡಿಯೇ ಮಾಡಿದೆ.


ಫೆಬ್ರವರಿ ೨೦

ಕಪ್ಪೆ,

ಆಟ ನೆನಪಿದೆ. ಮರೆಯುವುದುಂಟಾ! ಆದರೆ ಆವತ್ತು ಬೋಟಿನ ಮೇಲೆ ಆ ಆಟದ ಯೋಚನೆಯೇ ನನ್ನ ತಲೆಗೆ ಬರಲಿಲ್ಲ ನೋಡು. ಯಾಕೆ ಬರಲಿಲ್ಲ?

ನಿನ್ನ ಕಾಗದ ಓದಿ ಮೊದಲು ಸಿಟ್ಟೇ ಬಂತು. ತುಟಿ ನೀಲಿಗಟ್ಟಿತ್ತು, ಕೈ ಬೀಸುವುದು ನಿಧಾನವಾಗಿತ್ತು, ಇವಳಿಗೆ ಆಟವಂತೆ ಆಟ ಅಂದುಕೊಂಡೆ. ಆಮೇಲೆ ತುಟಿ ಬೆಳಗಿನಿಂದಲೇ ನೀಲಿಯಾಗಿತ್ತಲ್ಲವಾ ಅನ್ನಿಸಿತು. ಕೈ ನಿಧಾನವಾಗಿದ್ದು ಸುಸ್ತಿಗೂ ಇರಬಹುದು. ಮೇಷ್ಟ್ರು ತಡಿ ಅಂದರು. ದಾಖಲೆಯಮ್ಮ ಪೆನ್ನು ಹಿಡಿದು ಸುಮ್ಮನೆ ನೋಡುತ್ತಿದ್ದರು. ಎಳೆಯಿರಿ ಅಂತ ಒಬ್ಬರೂ ಹೇಳಲಿಲ್ಲ. ಭಯ ಹತ್ತಿದ್ದು ನನಗೊಬ್ಬಳಿಗೇ. ನೀರು ಕಂಡರೆ ಹೆದರುವವಳು ನಾನೊಬ್ಬಳೇ ಅಲ್ಲವಾ ಅಲ್ಲಿದ್ದದ್ದು? ಮೂವತ್ತೇಳು ವರ್ಷವಾದರೂ ಸೊಂಟದ ಮಟ್ಟದ ನೀರಿಗಿಂತ ಮುಂದೆ ಹೋದವಳಲ್ಲ.

ಅಂಗಡಿಯಲ್ಲಿ ದಿನವಿಡೀ ಜನರಿಗೆ ಒಂದೊಂದು ಗಾಜು ಹಾಕಿ "ಇದ್ರಲ್ಲಿ ಚೆನ್ನಾಗ್ ಕಾಣತ್ತಾ, ಅದ್ರಲ್ಲಾ?" ಅಂತ ಕೇಳುತ್ತೇನೆ. ಎಷ್ಟೋ ಜನ ನನಗೆ ಬೇಜಾರಾದೀತು ಅಂತ ಬಾಯಿಗೆ ಬಂದದ್ದು ಹೇಳುತ್ತಾರೆ. ಯಾರು ನಿಜ ಹೇಳುತ್ತಿದ್ದಾರೆ, ಯಾರು ಊಹಿಸುತ್ತಿದ್ದಾರೆ ಅಂತ ಮುಖ ನೋಡಿಯೇ ಹೇಳಬಲ್ಲೆ ಅಂತ ನನಗೊಂದು ಜಂಬ ಇತ್ತು. ಒಡಹುಟ್ಟಿದವಳ ಮುಖ ಓದಲು ಆಗಲಿಲ್ಲ.

ಏನು ಬರೆಯಬೇಕೋ ತೋಚುತ್ತಿಲ್ಲ ಕಣೇ.

ಅಕ್ಕ


ಮಾರ್ಚ್ ೧೪

ಅಕ್ಕ,

ಆಗಿದ್ದು ಆಗಿಹೋಯಿತು. ಅಳುತ್ತಾ ಕೂತರೆ ನನ್ನ ದಡ ವಾಪಸ್ ಬರುವುದಿಲ್ಲ. ಬೇರೆ ವಿಷಯ ಬರೆಯುತ್ತೇನೆ, ಗಮನವಿಟ್ಟು ಓದು.

ಸೆಪ್ಟೆಂಬರಿನಲ್ಲಿ ಮತ್ತೆ ಇಳಿಯುತ್ತೇನೆ. ಮೇಷ್ಟ್ರು ಮೊದಲು ಆಗಲ್ಲ ಅಂದರು, ಆಮೇಲೆ ನನ್ನ ಹಟ ನೋಡಿ ಸೋತರು. ಬೋಟಿನ ಯಜಮಾನ ಮಾತ್ರ ಒಂದು ಷರತ್ತು ಹಾಕಿದ್ದಾನೆ. ಹೋದ ಸಲದ ರಗಳೆಯಾದ ಮೇಲೆ ಅವನಿಗೆ ಹೆದರಿಕೆ. "ಮನೆಯೋರ್ ಒಬ್ರು ಬೋಟಲ್ಲಿ ಇರ್ಲೇಬೇಕು, ನಾಳೆ ನನ್ ಕುತ್ತಿಗೆಗೆ ಬರ್ಬಾರ್ದು" ಅನ್ನುತ್ತಾನೆ. ಅಮ್ಮನ ಮೊಣಕಾಲಿಗೆ ಬೋಟು ಆಗದು. ಹಾಗಾಗಿ ನೀನು.

ನೀನು ನನಗೆ ಏನಾದರೂ ಕೊಡುವುದಿದ್ದರೆ ಇದೊಂದು ಕೊಡು. ಬಾ. ಬಂದು ಸುಮ್ಮನೆ ಕೂತಿರು. ಪ್ರಶ್ನೆ ಮೇಷ್ಟ್ರು ಕೇಳುತ್ತಾರೆ. ನಾನು ಏನೇ ಉತ್ತರ ಹೇಳಲಿ, ಹೇಗೇ ಕಾಣಲಿ, ಮುಟ್ಟುವುದಿಲ್ಲ ಅಂತ ಮಾತು ಕೊಡು. ಇಲ್ಲಿ ಕೊಳಕ್ಕೆ ಬರುವ ಮಕ್ಕಳು "ನಿಮ್ಮನ್ನ ನಿಮ್ಮಕ್ಕ ಎಳ್ಕೊಂಡ್ರಂತೆ ಹೌದಾ ಮಿಸ್?" ಅಂತ ಕೇಳುತ್ತಾರೆ. ಗೆದ್ದಿದ್ದು ಯಾರಿಗೂ ನೆನಪಿಲ್ಲ, ಎಳೆಸಿಕೊಂಡಿದ್ದು ಊರಿಗೆಲ್ಲ ಗೊತ್ತು. ಈ ಹೆಸರು ಹೊತ್ತುಕೊಂಡು ಮುದುಕಿಯಾಗಲು ನನಗಿಷ್ಟವಿಲ್ಲ.

ಮಾತು ಕೊಟ್ಟರೆ ಬರೆ. ಕೊಡದಿದ್ದರೆ ಬರೆಯಬೇಡ.


ಮೇ ೨೯

ಕಪ್ಪೆ,

ತಡವಾಯಿತು. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ.

ಅಂಗಡಿಯಲ್ಲಿ ನನ್ನನ್ನು ಕಣ್ಣು ನೋಡುವ ಕೋಣೆಯಿಂದ ಮುಂದಿನ ಕೌಂಟರಿಗೆ ಹಾಕಿದ್ದಾರೆ. ತಪ್ಪು ಅವರದ್ದಲ್ಲ. ಒಬ್ಬ ಹೆಂಗಸಿಗೆ ಅದೇ ಗಾಜನ್ನು ತಿರುಗಿಸಿ ತಿರುಗಿಸಿ ಮಧ್ಯಾಹ್ನದವರೆಗೂ ಕೇಳಿದೆ. "ನಿಜ ಹೇಳ್ತಿದೀರಾ? ನಿಜವಾಗ್ಲೂ ಕಾಣತ್ತಾ?" ಅಂತ. ಪಾಪ, ಅವರು ಅಳುಮೋರೆ ಮಾಡಿಕೊಂಡು ಎದ್ದು ಹೋದರು. ಇನ್ನೊಬ್ಬರಿಗೆ ತಪ್ಪು ನಂಬರ್ ಬರೆದುಬಿಟ್ಟೆ, ಅವರು ಮೆಟ್ಟಿಲಲ್ಲಿ ಎಡವಿದರಂತೆ. ಈಗ ಫ್ರೇಮು ಒರೆಸಿ ಜೋಡಿಸಿಡುತ್ತೇನೆ. ನೆಮ್ಮದಿಯ ಕೆಲಸ. ಯಾರನ್ನೂ ಏನೂ ಕೇಳಬೇಕಾಗಿಲ್ಲ.

ನಿನ್ನ ಭಾವ ಹೇಳುತ್ತಾರೆ, "ಅವ್ಳು ಆಟ ಆಡಿದ್ಲೋ ಬಿಟ್ಲೋ, ನೀನು ಮಾಡಿದ್ದು ಸರಿ" ಅಂತ. ಅವರಿಗೇನು ಗೊತ್ತು? ನಿನ್ನ ಇಡೀ ಆಯುಷ್ಯ ಆ ದಡದಲ್ಲಿತ್ತು. ಅಪ್ಪ ಹೋಗುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು, "ಅವಳ ಜೊತೆಗಿರು." ಜೊತೆಗಿದ್ದೇ ಮುಳುಗಿಸಿದೆ.

ಬರುತ್ತೇನೆ. ಮುಟ್ಟುವುದಿಲ್ಲ. ನೀನು ಏನೇ ಅಂದರೂ, ಹೇಗೇ ಕಂಡರೂ ಮುಟ್ಟುವುದಿಲ್ಲ. ಅಮ್ಮನಾಣೆ.

ಅಕ್ಕ


ಜೂನ್ ೮

ಅಕ್ಕ,

ಮಾತು ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಮೇಷ್ಟ್ರಿಗೆ ಹೇಳಿದೆ, ಬೋಟಿನ ಯಜಮಾನನಿಗೂ ಹೇಳಿದೆ. ಎಲ್ಲ ಸರಿಹೋಯಿತು.

ಅಭ್ಯಾಸ ಚೆನ್ನಾಗಿ ಆಗುತ್ತಿದೆ. ಸ್ವಲ್ಪ ದಪ್ಪಗಾಗಿದ್ದೇನೆ, ಚಳಿ ತಡೆಯಲು ಮೈಗೆ ಕೊಬ್ಬು ಬೇಕಲ್ಲ. ಕೆಳಗಿನ ಸೈಕಲ್ ಅಂಗಡಿಯವನು ನನ್ನನ್ನು ನೋಡಿದಾಗಲೆಲ್ಲ "ಗಾಳಿ ಜಾಸ್ತಿ ಆಯ್ತು ಮೇಡಂ" ಅನ್ನುತ್ತಾನೆ. ನಕ್ಕು ಮೆಟ್ಟಿಲು ಹತ್ತುತ್ತೇನೆ.

ಅಂಗಡಿಯಲ್ಲಿ ಕೌಂಟರಿಗೆ ಹಾಕಿದ್ದು ನನ್ನಿಂದಲಾ? ಹಾಗೆ ಅಂದುಕೊಳ್ಳಬೇಡ. ನೀನು ಆ ಕೆಲಸದಲ್ಲಿ ಎಷ್ಟು ಚೆನ್ನಾಗಿದ್ದೆ ಅಂತ ನನಗೆ ಗೊತ್ತು.

ಮತ್ತೆ ಒಂದು ವಿಷಯ. ಅಮ್ಮನಾಣೆ ಗಿಮ್ಮನಾಣೆ ಎಲ್ಲ ಯಾಕೆ ಇಟ್ಟೆ? ಅಷ್ಟೆಲ್ಲ ಬೇಡವಾಗಿತ್ತು. ಅಲ್ಲಿ ಹೋದಾಗ ನೋಡೋಣ. ನಿನಗೆ ತೀರಾ ಅನ್ನಿಸಿದರೆ, ಮುಟ್ಟಬೇಕು ಅನ್ನಿಸಿದರೆ, ಮುಟ್ಟು. ನಾನೇನೂ ಅಂದುಕೊಳ್ಳುವುದಿಲ್ಲ.

ಚಿನಕುರುಳಿಗೆ ಮುತ್ತು.


ಜುಲೈ ೨

ಕಪ್ಪೆ,

ನನಗೆ ಹೀಗೆ ಕನಿಕರ ತೋರಿಸಬೇಡ. ಮುಟ್ಟು ಅಂದರೆ ಏನರ್ಥ? ಇವಳ ಕೈಲಿ ಆಗುವುದಿಲ್ಲ, ಹೇಗೂ ಮುಟ್ಟಿಯೇ ಮುಟ್ಟುತ್ತಾಳೆ, ಮೊದಲೇ ಕ್ಷಮಿಸಿಬಿಡೋಣ ಅಂತ ತಾನೇ? ಬೇಡ. ಈ ಸಲ ನಾನು ಗಟ್ಟಿ. ಎಷ್ಟು ಗಟ್ಟಿ ಅಂತ ಕೇಳು.

ಹೋದ ಭಾನುವಾರ ಚಿನಕುರುಳಿಯನ್ನು ಕರೆದುಕೊಂಡು ಅಪ್ಪ ಕೆಲಸ ಮಾಡುತ್ತಿದ್ದ ಕೊಳಕ್ಕೆ ಹೋಗಿದ್ದೆ. ಈಗ ಹೊಸ ಟೈಲ್ಸ್ ಹಾಕಿದ್ದಾರೆ, ಪಂಪಿನ ಮನೆ ಹಾಗೇ ಇದೆ. ಅವಳು ಮಕ್ಕಳ ಕಡೆಯಿಂದ ಹಗ್ಗ ದಾಟಿ ಆಳದ ಕಡೆಗೆ ಬಂದುಬಿಟ್ಟಳು. ನಾನು ದಡದ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ನೀರು ಕುಡಿದಳು. ಒಂದು ಸಲ ಮೇಲೆ ಬಂದು "ಅಮ್ಮಾ" ಅಂದಳು. ಆಟವಾಡುತ್ತಿದ್ದಾಳೋ ನಿಜವೋ ಗೊತ್ತಾಗಲಿಲ್ಲ. ಎದ್ದು ಹೋಗಿ ಎಳೆದರೆ ಮತ್ತೆ ಅದೇ ತಪ್ಪಾಗುತ್ತದಲ್ಲ ಅನ್ನಿಸಿತು. ಎರಡೂ ಕೈ ತೊಡೆಯ ಕೆಳಗಿಟ್ಟು ಅದುಮಿ ಕೂತೆ. ಪಕ್ಕದಲ್ಲಿದ್ದ ಯಾರದೋ ತಾಯಿ ಸೀರೆ ಸಮೇತ ಹಾರಿ ಅವಳನ್ನು ಎತ್ತಿಕೊಂಡರು. ಬೆನ್ನು ತಟ್ಟಿ ನೀರು ಕಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನ್ರೀ, ತಾಯಿನೋ ಏನು?" ಅಂತ ಬೈದರು.

ಚಿನಕುರುಳಿ ಈಗ ಆರಾಮಾಗಿದ್ದಾಳೆ, ಹೆದರಬೇಡ. ನನ್ನ ಜೊತೆ ಸ್ವಲ್ಪ ಮಾತು ಕಡಿಮೆ ಮಾಡಿದ್ದಾಳೆ, ಅಷ್ಟೇ. ನಿನ್ನ ಭಾವನಿಗೆ ಹೇಳಿಲ್ಲ.

ನಾನು ಹೇಳುವುದಿಷ್ಟೇ. ನನ್ನ ಕೈ ಏಳಲಿಲ್ಲ. ಹೆತ್ತ ಮಗಳಿಗೇ ಏಳದ ಕೈ ನಿನಗೆ ಏಳುತ್ತದಾ? ನಾನು ತಯಾರಾಗಿದ್ದೇನೆ. ನೀನು ನಿಶ್ಚಿಂತೆಯಾಗಿ ಈಜು.

ಅಕ್ಕ


ಜುಲೈ ೭

ಅಕ್ಕ,

ನಿನ್ನ ಕಾಗದ ಕೊಳದ ಆಫೀಸಿಗೆ ಬಂತು. ಬದಲಾಯಿಸುವ ಕೋಣೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತು ಓದಿದೆ. ಆವತ್ತು ಮಕ್ಕಳಿಗೆ ಕಲಿಸಲು ಆಗಲಿಲ್ಲ. ಹೊಟ್ಟೆನೋವು ಅಂತ ಹೇಳಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಫೋನ್ ಕೈಗೆತ್ತಿಕೊಂಡೆ, ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ ಅನ್ನಿಸಿ ಕೆಳಗಿಟ್ಟೆ.

ನನಗೆ ನೆನಪಿಲ್ಲ ಅಕ್ಕ.

ಟಿಕೆಟ್ ಕೊಡೋಳು ಅಂದಿದ್ದು ನೆನಪಿಲ್ಲ. ಮೆಟ್ಟಿಲು ಅಂದಿದ್ದೂ ಇಲ್ಲ. ನೀನು ಹತ್ತಿರ ಬಂದಿದ್ದು, ಪ್ರಶ್ನೆ ಕೇಳಿದ್ದು, ತೋಳು ಹಿಡಿದದ್ದು, ಒಂದೂ ಇಲ್ಲ. ಎಡಗಡೆ ಸೂರ್ಯ ಇದ್ದದ್ದು ನೆನಪಿದೆ. ಅದಾದ ಮೇಲೆ ಆಸ್ಪತ್ರೆಯ ಸೀಲಿಂಗ್ ಫ್ಯಾನು. ನಾನು ಏನು ಉತ್ತರ ಕೊಟ್ಟೆ ಅಂತ ನನಗೆ ತಿಳಿದದ್ದೇ ನಿನ್ನ ಜನವರಿಯ ಕಾಗದದಿಂದ. ಮೇಷ್ಟ್ರು "ನಿಮ್ಮಕ್ಕ ಎಳ್ಕೊಂಡ್ರು" ಅಂತಷ್ಟೇ ಹೇಳಿದ್ದರು, ಮುಂದಕ್ಕೆ ಕೇಳಲು ನಾನೇ ಬಿಡಲಿಲ್ಲ.

ಆ ಕಾಗದವನ್ನು ಎರಡೆರಡು ಸಲ ಓದಿದೆ. ನಾನು ಹಾಗಾಗಿದ್ದೆ ಅಂತ ಒಪ್ಪಿಕೊಂಡರೆ ಮತ್ತೆ ನೀರಿಗೆ ಇಳಿಯಲಾರೆ ಅನ್ನಿಸಿತು. ಆಗಲೇ ಆ ಆಟ ನೆನಪಾಯಿತು. ಬಿಸಿ ಬಿಸಿ ಕಾಫಿ ಸಿಕ್ಕ ಹಾಗಾಯಿತು ನೋಡು. ಹೌದು, ಆಟವೇ ಇರಬೇಕು, ಆಟವೇ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ವಾರ ಹೇಳಿಕೊಂಡು, ಆಮೇಲೆ ನಿನಗೆ ಬರೆದೆ. ಬರೆದ ಮೇಲೆ ಅದೇ ನಿಜವಾಯಿತು. ನೀನು ನಂಬಿದ್ದು ನೋಡಿ ಇನ್ನೂ ನಿಜವಾಯಿತು. ಆಟ ಆಡಿದ್ದೆನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಹೇಳಿದ್ದು ಸುಳ್ಳು.

ನೀನು ಆಣೆ ಇಟ್ಟ ಕಾಗದ ಬಂದಾಗ ಖುಷಿಯಾಗಲಿಲ್ಲ. ಹೆದರಿಕೆಯಾಯಿತು. ಆದರೂ ಬಾಯಿ ಬಿಡದೆ, ಮುಟ್ಟಿದರೆ ಮುಟ್ಟು ಅಂತ ದೊಡ್ಡಸ್ತಿಕೆ ಮಾಡಿದೆ. ನಿಜ ಹೇಳದೆ ನಿಜದ ಫಲ ಮಾತ್ರ ಬೇಕಾಗಿತ್ತು ನನಗೆ.

ಅಕ್ಕ, ಚಿನಕುರುಳಿಯನ್ನು ಎತ್ತಿಕೊ. ಈಗಲೇ ಹೋಗಿ ಎತ್ತಿಕೊ. ಎಲ್ಲಿದ್ದರೂ, ಏನು ಮಾಡುತ್ತಿದ್ದರೂ. ನಿನ್ನ ಕೈಗೆ ನಾನು ಹೀಗೆ ಮಾಡಿದೆನಲ್ಲ.

ಬೈದಾದರೂ ಬರೆ.


ಆಗಸ್ಟ್ ೩೦

ಕಪ್ಪೆ,

ಬೈಯಬೇಕು ಅಂದರೆ ಬೈಗುಳ ಸಿಗುತ್ತಿಲ್ಲ. ಅಷ್ಟು ಸಿಟ್ಟಿದೆ.

ಐದು ತಿಂಗಳು ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಕಣ್ಣು ನೋಡುವ ಕೆಲಸ ಹೋಯಿತು, ನಿದ್ದೆ ಹೋಯಿತು, ನನ್ನ ಮಗಳು ನೀರು ಕುಡಿಯುವಾಗ ಗೊಂಬೆಯ ಹಾಗೆ ಕೂತಿದ್ದೆ. ಆ ತಾಯಿ ಆವತ್ತು ಬೇರೆ ಕಡೆ ನೋಡುತ್ತಿದ್ದಿದ್ದರೆ? ಇದನ್ನು ಯೋಚಿಸದ ದಿನವಿಲ್ಲ. ನಿನ್ನ ಭಾವನಿಗೆ ಹೇಳಿಬಿಟ್ಟೆ. ಅವರು ಎದ್ದು ಹೋಗಿ ಮಲಗಿದ್ದ ಮಗುವಿನ ಪಕ್ಕ ಕೂತರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಈಗ ನಾನು ಮುಚ್ಚಿಟ್ಟದ್ದನ್ನೂ ಕೇಳು. ಬೋಟಿಗೆ ಎಳೆದಾಗ ನೀನು ನಡುಗುತ್ತಿರಲಿಲ್ಲ. ನಡುಗಿದರೆ ಒಳ್ಳೆಯದಂತೆ, ನಡುಕ ನಿಂತರೆ ಕಷ್ಟವಂತೆ. ಮೇಷ್ಟ್ರು ನಿನ್ನ ಕುತ್ತಿಗೆಗೆ ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ, ಮತ್ತೆ ಹುಡುಕಿದರು. ತಡಿ ಅಂದ ಅದೇ ಮನುಷ್ಯ ನಿನ್ನ ಎದೆಗೆ ಕಿವಿ ಇಟ್ಟು ಅಳುತ್ತಿದ್ದರು. "ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಕಷ್ಟ ಇತ್ತು" ಅಂತ ಡಾಕ್ಟರು ಹೇಳಿದರು. ನಿನಗೆ ಹೇಳಬೇಡಿ ಅಂತ ಎಲ್ಲರ ಕೈಲೂ ಮಾತು ತೆಗೆದುಕೊಂಡವಳು ನಾನು. ಇದು ತಿಳಿದರೆ ಇವಳು ಮತ್ತೆ ನೀರು ಮುಟ್ಟುವುದಿಲ್ಲ, ನೀರಿಲ್ಲದಿದ್ದರೆ ಇವಳು ಬದುಕುವುದಿಲ್ಲ ಅಂತ ಹೆದರಿದ್ದೆ. ನೀನು ಸುಳ್ಳು ಹೇಳಲು ಜಾಗ ಬಿಟ್ಟವಳೂ ನಾನೇ ಅನ್ನು.

ನೀನು ಆಟ ಅಂದಾಗ, ನಾಡಿ ಸಿಗದ ಆ ಹೊತ್ತು ಕಣ್ಣಾರೆ ನೋಡಿದ್ದವಳು ನಾನು ಹೇಗೆ ನಂಬಿದೆ ಅಂತ ಕೇಳಬಹುದು. ನಾನು ಎಳೆದಾಡಿದ್ದಕ್ಕೇ ಹಾಗಾಯಿತೇನೋ ಅಂದುಕೊಂಡೆ. ನಿನ್ನ ಮಾತಿನ ಮುಂದೆ ನನಗೆ ನನ್ನ ಕಣ್ಣು ಯಾವತ್ತೂ ದೊಡ್ಡದಾಗಿರಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಗೆಲ್ಲುವವಳು ನೀನೇ.

ನಾನು ಬೋಟಿಗೆ ಬರುವುದಿಲ್ಲ. ನಿನ್ನನ್ನು ನೋಡಿದರೆ ಹೊಡೆದುಬಿಡುತ್ತೇನೆ. ಷರತ್ತಿಗೆ ಮನೆಯವರು ಬೇಕಲ್ಲ, ನಿನ್ನ ಭಾವ ಬರುತ್ತಾರೆ, ತಾವೇ ಹೊರಟರು. ಅವರಿಗೆ ಬಸ್ಸಿನಲ್ಲಿ ಕೂತರೇ ವಾಂತಿ, ನಿನಗೆ ಗೊತ್ತು. ಯಾವ ಮಾತೂ ಕೊಟ್ಟು ಕಳಿಸುತ್ತಿಲ್ಲ, ಯಾವ ಆಣೆಯೂ ಇಲ್ಲ. ಇಳಿಯುವುದೂ ಬಿಡುವುದೂ ನಿನಗೆ ಬಿಟ್ಟಿದ್ದು. ನಾನಂತೂ ಬೇಡ ಅನ್ನುವವಳಲ್ಲ, ಹೋಗು ಅನ್ನುವವಳೂ ಅಲ್ಲ.

ಚಿನಕುರುಳಿಯನ್ನು ಎತ್ತಿಕೊಂಡೆ. "ಬಿಡಮ್ಮ, ಉಸಿರು ಕಟ್ಟತ್ತೆ" ಅಂದಳು. ಬಿಡಲಿಲ್ಲ.

ಅಕ್ಕ


ಸೆಪ್ಟೆಂಬರ್ ೨೧

ಅಕ್ಕ,

ಭಾವ ನಾಳೆ ಊರು ಮುಟ್ಟುತ್ತಾರೆ. ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಅವರು ಹೇಳುವ ಮೊದಲು ನೀನು ನನ್ನಿಂದಲೇ ಕೇಳಬೇಕು ಅಂತ, ಓದಿ ಮುಗಿಸುವವರೆಗೂ ಬಾಯಿ ಬಿಡಬೇಡಿ ಅಂದಿದ್ದೇನೆ. ಪಾಪ, ಅವರಿಗೆ ಬಾಯಿ ಬಿಡುವ ಶಕ್ತಿಯೂ ಉಳಿದಿಲ್ಲ. ಬೋಟು ಹೊರಟಾಗಿನಿಂದ ಬಕೆಟ್ಟು ತಬ್ಬಿಕೊಂಡು ಕೂತಿದ್ದರು. ಬಕೆಟ್ಟಿನಿಂದ ತಲೆ ಎತ್ತಿದಾಗಲೆಲ್ಲ ಮಾತ್ರ ನನ್ನ ಕಡೆಯೇ ನೋಡುತ್ತಿದ್ದರು.

ಇಳಿದೆ. ಇಳಿಯದೆ ಇರಲು ಆಗಲಿಲ್ಲ, ನನ್ನನ್ನು ಹೀಗೇ ಹಡೆದಿದ್ದಾಳೆ ಅಮ್ಮ. ಮೊದಲರ್ಧ ಚೆನ್ನಾಗಿ ಆಯಿತು. ನೀರು ಹೋದ ವರ್ಷಕ್ಕಿಂತ ಸಮಾಧಾನವಾಗಿತ್ತು. ಆಮೇಲೆ ಗಾಳಿ ಎದ್ದಿತು, ಅಲೆ ಬಾಯಿಗೆ ಹೊಡೆಯತೊಡಗಿತು. ಆದರೂ ಹೋದೆ. ಆಚೆ ದಡದ ದೀಪಸ್ತಂಭ ಕಂಡಿತು. ಕಿಟಕಿಗಳು ಇನ್ನೂ ಕಾಣುತ್ತಿರಲಿಲ್ಲ.

ಮೇಷ್ಟ್ರು ಲೋಟ ಚಾಚಿ ಪ್ರಶ್ನೆ ಕೇಳಿದರು. ನಿನ್ನ ಹುಟ್ಟಿದೂರು, ಅಕ್ಕನ ಕೆಲಸ, ಇವತ್ತು ಯಾವ ವಾರ. ಎಲ್ಲಕ್ಕೂ ಸರಿ ಉತ್ತರ ಕೊಟ್ಟೆ. ಮೇಷ್ಟ್ರು "ಭೇಷ್" ಅಂದರು, ದಾಖಲೆಯಮ್ಮ ಬರೆದುಕೊಂಡರು. ಭಾವ ಬಕೆಟ್ಟಿನಿಂದ ತಲೆ ಎತ್ತಿ, "ಇದಕ್ ಮುಂಚಿನ್ ಲೋಟಕ್ಕಿಂತ ಇದನ್ನ ಬೇಗ ಕುಡ್ದೆ ಕಣಮ್ಮ" ಅಂದರು. ನನಗೆ ಮುಂಚಿನ ಲೋಟ ಅಂತ ಒಂದಿತ್ತು ಅನ್ನುವುದೇ ನೆನಪಾಗಲಿಲ್ಲ. ಲೋಟ ಹಿಡಿದಿದ್ದೆ, ಕುಡಿದಿದ್ದೆ, ಮಾತಾಡಿದ್ದೆನಂತೆ. ನೆನಪಿನಲ್ಲಿ ಹುಡುಕಿದೆ, ಅಲ್ಲಿ ಏನೂ ಇರಲಿಲ್ಲ.

ಅದು ಯಾರಿಗೂ ಗೊತ್ತಿರಲಿಲ್ಲ ಅಕ್ಕ. ಉತ್ತರ ಎಲ್ಲ ಸರಿ ಇದ್ದವು. ಕೈ ಬೀಸುವುದೂ ನಿಂತಿರಲಿಲ್ಲ. ಯಾರೂ ನನ್ನನ್ನು ಮುಟ್ಟುತ್ತಿರಲಿಲ್ಲ. ಮುಂದಕ್ಕೆ ಹೋಗಬಹುದಿತ್ತು, ದಡ ಸಿಕ್ಕರೂ ಸಿಗುತ್ತಿತ್ತು. ದೀಪಸ್ತಂಭದ ಕಡೆ ತಿರುಗಿ ಕೆಲವು ಕೈ ಬೀಸಿದೆ ಕೂಡ. ಹೊಟ್ಟೆ ಉರಿಯಿತು. ಇಷ್ಟು ವರ್ಷ, ಇಷ್ಟು ಜನರ ಬಾಯಿ, ಎಲ್ಲ ನೆನಪಾಯಿತು. ಅವೆಲ್ಲ ಚೆನ್ನಾಗಿ ನೆನಪಾದವು.

ತಿರುಗಿ ಬಂದು ಬೋಟಿನ ಅಂಚು ಹಿಡಿದೆ. ನಾನೇ ಹಿಡಿದೆ. ಮೇಷ್ಟ್ರು "ಬಿಡು, ಬಿಡು, ಹಿಡೀಬೇಡ" ಅಂತ ಕೂಗಿಕೊಂಡರು. ಬಿಡಲಿಲ್ಲ. "ಅಕ್ಕಾ, ಎಳ್ಕೋ" ಅಂದೆ. ಭಾವ ಬಕೆಟ್ಟು ಬಿಸಾಕಿ ಬಂದು ಎರಡೂ ಕೈಯಲ್ಲಿ ಎಳೆದುಕೊಂಡರು, ಇಬ್ಬರೂ ಬೋಟಿನ ತಳಕ್ಕೆ ಬಿದ್ದೆವು. ನಾನು ಗಡಗಡ ನಡುಗುತ್ತಿದ್ದೆ. ನಡುಗುತ್ತಿದ್ದಾಳೆ, ನಡುಗುತ್ತಿದ್ದಾಳೆ ಅಂತ ಭಾವ ಖುಷಿಯಲ್ಲಿ ಅತ್ತರು.

ಭಾವನನ್ನು ಅಕ್ಕ ಅಂದಳಲ್ಲ, ಬುದ್ಧಿ ತಪ್ಪಿಬಿಟ್ಟಿತ್ತು ಇವಳಿಗೆ ಅಂತ ಮೇಷ್ಟ್ರು ಎಲ್ಲರಿಗೂ ಹೇಳುತ್ತಿದ್ದಾರೆ. ದಾಖಲೆಯಲ್ಲೂ ಹಾಗೇ ಬರೆದಿದ್ದಾರೆ. ನಾನು ತಿದ್ದಲು ಹೋಗಲಿಲ್ಲ. ನಿನಗೆ ಮಾತ್ರ ಹೇಳುತ್ತೇನೆ. ಬೋಟಿನಲ್ಲಿ ನೀನಿಲ್ಲ, ಇರುವುದು ಭಾವ ಅಂತ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೇ ನಿನ್ನನ್ನು ಕರೆದೆ. ಅದು ನನಗೆ ನೆನಪಿದೆ.